ಅಂದಾಜು ಪಟ್ಟಿ

ಕರೆಂಟು ಬಿಲ್ಲಿನ ಬೆನ್ನ ಮೇಲೆ ಹಿತ್ತಲನ್ನು ಬರೆದೆ:
ಉದ್ದ ಇಪ್ಪತ್ತೆರಡು ಅಡಿ, ಅಗಲ ಹದಿನಾಲ್ಕು,
ಮೂರು ಕಡೆ ಗೋಡೆ, ಒಂದು ಕಡೆ ಅಡುಗೆಮನೆ ಬಾಗಿಲು.
ಹತ್ತೊಂಬತ್ತು ವರ್ಷ ಮಸ್ಕತ್ತಿನ ಮಾಲುಗಳಿಗೆ,
ಪೆಟ್ರೋಲ್ ಬಂಕುಗಳಿಗೆ, ಯಾರದೋ ಅಂಗಳದ ಕಾರಂಜಿಗೆ
ಕಲ್ಲೆಷ್ಟು ಸಿಮೆಂಟೆಷ್ಟು ಎಂದು ಎಣಿಸಿ ಕೊಟ್ಟವನು
ಬರ್ಕಾದ ಈ ಬಾಡಿಗೆ ಮನೆಯ ಹಿಂದೆ
ಮೊದಲ ಸಲ ನನಗೆಂದು ಟೇಪು ಎಳೆದೆ.
ಆ ತುದಿಯಲ್ಲಿ ಕಸ್ತೂರಿ.
ನೆಟ್ಟಗ ಹಿಡಿ, ಅಂದೆ.
ನಾ ನೆಟ್ಟಗೇ ಅದೀನಿ, ನಿಮ್ಮ ಗ್ವಾಡಿ ಸೊಟ್ಟ ಅದ, ಅಂದಳು.
ನಿಜ. ಮೂರು ಇಂಚು.

ಬಾಬು ಒಂದು: ಸಿಮೆಂಟು ಬೇಡ.
ಹಗಲೆಲ್ಲ ಉಂಡ ಬಿಸಿಲನ್ನು
ರಾತ್ರಿ ಹನ್ನೊಂದಕ್ಕೆ ತೇಗುತ್ತದೆ ಅದು.
ಬಾಬು ಎರಡು: ಪ್ಲಾಸ್ಟಿಕ್ ಹುಲ್ಲೂ ಬೇಡ.
ಅಂಗಡಿಯ ಹೊರಗೆ ಹಾಸಿದ್ದ ಮಾದರಿಯ ಮೇಲೆ
ಚಪ್ಪಲಿ ಬಿಟ್ಟು ನಿಂತ ಕಸ್ತೂರಿ
ರೊಟ್ಟಿ ಹಂಚು, ಎಂದು ಹಾರಿ ಇಳಿದಿದ್ದಳು.

ಕಲ್ಲು: ರಸ್ತೆ ಅಗೆದಲ್ಲಿಂದ ಮೊಫಿಜುಲ್ ತಂದ ಹಳೆಯವು,
ಮೂಲೆ ಮುರಿದವು, ಎಣ್ಣೆ ಕಲೆಯವು.
ದರ: ಎರಡು ಶುಕ್ರವಾರದ ಊಟ, ಮೀನು ಸಹಿತ.
ಕಲ್ಲಿಗೂ ಕಲ್ಲಿಗೂ ನಡುವೆ ಅರ್ಧ ಇಂಚು ಮರಳು,
ಮಳೆ ದಾರಿ ತಪ್ಪಿ ಇತ್ತ ಬಂದರೆ
ಬೀದಿಗೆ ಹರಿಯದೆ ಇಲ್ಲೇ ಇಂಗಲಿ.

ನೆರಳು: ಖರ್ಜೂರದ ಗರಿಯ ತಡಿಕೆ.
ಮನೆ ಮಾಲೀಕನ ತಾಯಿ ಉಮ್ ಖಲ್ಫಾನ್
ಗೋಡೆಯಾಚೆಯಿಂದಲೇ ಕೈಸನ್ನೆ ಮಾಡಿ ತಿದ್ದಿದಳು,
ತಂತಿ ಅಲ್ಲ, ಹಗ್ಗ; ತಂತಿ ಕಾದರೆ ಗರಿ ಸುಡುತ್ತದೆ.

ನೀರು: ಬಾವಿಯದು ಉಪ್ಪು,
ಕೊಡದ ಕಂಠಕ್ಕೆ ಬಿಳಿ ಗೆರೆ ಎಳೆದು ಹೋಗುತ್ತದೆ.
ಜುಲೈಯಲ್ಲಿ ಒಂದು ವಾರ
ಎರಡು ಏಸಿಗಳ ಬಾಲದಡಿ ಬಕೆಟ್ಟಿಟ್ಟು ಅಳೆದಿದ್ದೆ:
ದಿನಕ್ಕೆ ಮೂವತ್ತೆಂಟು ಲೀಟರು.
ಸಮುದ್ರದ ಉಸಿರು, ಒಗೆದ ಬಟ್ಟೆಯ ಹಸಿ,
ನಮ್ಮಿಬ್ಬರ ಬೆವರು, ಎಲ್ಲ ಸೇರಿ
ತೊಟ್ಟು ತೊಟ್ಟಾಗಿ ಬಸಳೆಗೆ, ನುಗ್ಗೆಗೆ,
ಗೋಡೆ ಮೂಲೆಯ ಒಂದು ಮಲ್ಲಿಗೆಗೆ.

ಅಕ್ಟೋಬರಿನಲ್ಲಿ ಅಗೆತ ಶುರು.
ಒಂದಡಿ ಆಳದಲ್ಲಿ ಗುದ್ದಲಿ
ಕಲ್ಲಲ್ಲದ ಸದ್ದು ಮಾಡಿತು.
ತೊಡೆ ದಪ್ಪದ ಬೊಡ್ಡೆ,
ಮೈತುಂಬ ಯಾವ ಕಾಲದ್ದೋ ಕೊಡಲಿ ಗಾಯ.
ಎರಡು ಗಂಟೆ ಕೊಡಿ ಭಾಯ್, ತೆಗೀತೀನಿ, ಎಂದ ಮೊಫಿಜುಲ್.
ಬಾಬು ಏಳು: ಬೊಡ್ಡೆ ತೆಗೆಯುವುದು, ಸಂಖ್ಯೆ ಒಂದು.
ಅಷ್ಟರಲ್ಲಿ ಗುದ್ದಲಿಯ ಕಾವು ಮುರಿಯಿತು.
ಹೊಸ ಕಾವಿಗೆ ಎರಡು ಶುಕ್ರವಾರ ಹಿಡಿಯಿತು.

ಆ ಎರಡು ಶುಕ್ರವಾರದಲ್ಲಿ
ಬೊಡ್ಡೆಯ ಪಕ್ಕೆಯಿಂದ ಬೆರಳುದ್ದ ಹಸಿರು,
ಸಣ್ಣ ಎಲೆ, ಅದಕ್ಕಿಂತ ಸಣ್ಣ ಮುಳ್ಳು.

ಉಮ್ ಖಲ್ಫಾನ್ ಕೋಲೂರಿ ಬಂದು
ಮೊಣಕಾಲ ಮೇಲೆ ಕೂತಳು. ಗಾಫ್, ಅಂದಳು.
ಇಲ್ಲಿ ನನ್ನ ಆಡುಗಳು ಮಲಗುತ್ತಿದ್ದವು, ಅಂದಳು.
ಕಡಿದವರು ಯಾರು ಎಂದು ಹೇಳಲಿಲ್ಲ;
ಮಗ ಕಟ್ಟಿಸಿದ ಮನೆಯನ್ನೊಮ್ಮೆ ನೋಡಿದಳು.

ಕಸ್ತೂರಿ ಬಗ್ಗಿ ಚಿವುಟಿ ಮೂಸಿದಳು.
ಅಯ್ಯ, ಇದು ನಮ್ಮ ಬನ್ನಿ!
ದಸರೆ ಮುಗಿದು ಎಷ್ಟೋ ದಿನವಾಗಿತ್ತು.
ಆದರೂ ಎರಡೆಲೆ ಮುದುಕಿಯ ಅಂಗೈಗಿಟ್ಟು
ಬನ್ನಿ ತಗೊಂಡು ಬಂಗಾರದಂಗ ಇರೂಣು, ಅಂದಳು,
ವಿಜಾಪುರದ ಓಣಿಯಲ್ಲಿ ನಿಂತವಳ ಹಾಗೆ.
ಉಮ್ ಖಲ್ಫಾನ್ ಬಂಗಾರವನ್ನು ಬಾಯಿಗೆ ಹಾಕಿ
ನಿಧಾನಕ್ಕೆ ಅಗಿದು ನುಂಗಿದಳು,
ಇನ್ನೂ ಎಳೆಯದು, ಎಂಬಂತೆ ತಲೆಯಾಡಿಸಿದಳು.

ಬಾಬು ಏಳು ಹೊಡೆದುಹಾಕಿದೆ.
ಸುತ್ತ ನಾಲ್ಕಡಿ ಕಲ್ಲಿಲ್ಲ.
ನೀರಿನ ಅಂಕಣದಲ್ಲಿ ಏನು ಬರೆಯಲಿ?
ನಾವು ಬಕೆಟ್ಟು ಹುಡುಕುವ ಮೊದಲೇ
ಅದು ತನ್ನ ನೀರನ್ನು ಕಂಡುಕೊಂಡಿದೆ.

ಬಾಡಿಗೆ ಕರಾರು ಮಾರ್ಚಿಗೆ ಮುಗಿಯುತ್ತದೆ.
ನೆರಳಿಗೆ ಎಷ್ಟು ವರ್ಷ ಎಂದು ನಾನು ಕೇಳಲಿಲ್ಲ.
ಕೇಳಿದ್ದರೆ ಬರೆದುಕೊಳ್ಳಬೇಕಾಗುತ್ತಿತ್ತು.

ಮಿಕ್ಕ ಕಲ್ಲು ಅರವತ್ತೊಂದು,
ಸೊಟ್ಟ ಗೋಡೆಗೆ ಆತು ನಿಂತಿವೆ.
ಸಂಜೆ ಕುರ್ಚಿ ಹಾಕಿದರೆ
ಮೂರು ಕಾಲು ಹಾಸಿನ ಮೇಲೆ, ಒಂದು ಮರಳಲ್ಲಿ.
ಅದರಡಿಗೆ ಒಂದು ಚೂರು ಕಲ್ಲು ಕೊಟ್ಟು
ಕೂತು ನೋಡಿ, ಅನ್ನುತ್ತಾಳೆ ಕಸ್ತೂರಿ.