ಹುಟ್ಟಿದ ವರ್ಷ

ಒರೂರೊದಲ್ಲಿ ಜುಲೈ ತಿಂಗಳು, ಒಂಬತ್ತಾದರೂ
ಶಟರಿನ ತಗಡಿಗೆ ಬೆರಳು ಅಂಟುತ್ತದೆ.
ದೋನ್ಯಾ ಕಾಸಿಮಿರಾ ಆಗಲೇ ಬಂದು ನಿಂತಿದ್ದರು,
ಪಟ್ಟೆಪಟ್ಟೆ ಬಟ್ಟೆಯಲ್ಲಿ, ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು
ಹದಿನಾಲ್ಕು ವರ್ಷದ ಲ್ಯಾಪ್‌ಟಾಪು.

"ಬ್ಯಾಂಕಿನ ಪುಟ ತೆರೆಯೋದಿಲ್ಲ. ತೆರಿಗೆಯದ್ದೂ.
ಸ್ವರ ಬರೆಯುವ ಪ್ರೋಗ್ರಾಮು ಹೊಸದು ಬೇಕಂತೆ,
ಅದಕ್ಕೆ ಸಿಸ್ಟಮ್ಮು ಹೊಸದಂತೆ,
ಸಿಸ್ಟಮ್ಮಿಗೆ ಮಿಷಿನ್ನೇ ಹೊಸದಂತೆ.
ನಾಳೆ ನನ್ನನ್ನೂ ಬದಲಾಯಿಸು ಅಂತಾರೆ, ನೋಡು."

ಪರದೆಯ ಮೇಲೆ ಒಂದೇ ಸಾಲು:
ಈ ಕಂಪ್ಯೂಟರಿಗೆ ಬೆಂಬಲ ಇಲ್ಲ.
ಬೆನ್ನಿನ ಮೇಲೆ ಹೊತ್ತು ತಂದವರ ಎದುರಿಗೇ
ಹಾಗೆನ್ನುತ್ತದಲ್ಲ.

ತಿರುಪು ಬಿಚ್ಚಿದೆ. ಹತ್ತರಲ್ಲಿ ಒಂದು ಸವೆದಿತ್ತು.
ಫ್ಯಾನಿನ ರೆಕ್ಕೆಗೆ ಈ ಊರಿನದೇ ಬೂದು ಧೂಳು.
ಇಷ್ಟು ಎತ್ತರದಲ್ಲಿ ಗಾಳಿ ತೆಳು,
ಮನುಷ್ಯರಂತೆ ಇದೂ ಮೆಟ್ಟಿಲಿಗೊಮ್ಮೆ ನಿಂತು ಏದುತ್ತದೆ.
ಹಳೆ ಡಿಸ್ಕು ತೆಗೆದೆ, ಮೆಮೊರಿ ಇಮ್ಮಡಿ ಮಾಡಿದೆ.
ಇಷ್ಟರವರೆಗೆ ಎಲ್ಲ ನ್ಯಾಯದ ಕೆಲಸ.

ಇನ್ನು ಸುಳ್ಳು.
ಹೊಸ ಸಿಸ್ಟಮ್ಮು ಬಾಗಿಲಲ್ಲೇ ತಡೆದು ಕೇಳುತ್ತದೆ:
ಯಾವ ಮಾಡೆಲ್ಲು ನೀನು, ಯಾವ ಇಸವಿ?
ನನ್ನ ಪೆನ್‌ಡ್ರೈವಿನಲ್ಲೊಂದು ಪುಟ್ಟ ಕಡತ,
ಮಿಷಿನ್ನು ಕಣ್ಣುಜ್ಜಿಕೊಳ್ಳುವುದರೊಳಗೆ ಎದ್ದು
ಅದರ ಪರವಾಗಿ ಹೇಳಿಬಿಡುತ್ತದೆ:
ಎರಡು ಸಾವಿರದ ಹದಿನೇಳು, ಸ್ವಾಮಿ.

ಒಂದು ಸಾಲಿನಲ್ಲಿ ಆರು ವರ್ಷ ಕಳೆದೆ.

ನಮ್ಮಪ್ಪ ದೊರೊತೆಯೊ ಕೂಡಿಸಿದ್ದು ನಾಲ್ಕು.
ತವರದ ಗಣಿಯ ಕಿಟಕಿಯಲ್ಲಿ ಗುಮಾಸ್ತ
ತಲೆಯೆತ್ತದೆ ಕೇಳಿದ್ದೂ ಇದೇ ಪ್ರಶ್ನೆ.
ಬೂಟಿನೊಳಗೆ ಕಾಗದ ತುಂಬಿ ಎತ್ತರವಾಗಿ
ಹದಿನೆಂಟು ಅಂದನಂತೆ, ಹದಿನಾಲ್ಕರವನು.
ಹೆಲ್ಮೆಟ್ಟು ಹುಬ್ಬು ದಾಟಿ ಇಳಿಯುತ್ತಿತ್ತಂತೆ.
ಕತ್ತಲಲ್ಲಿ ಯಾರು ನೋಡಬೇಕು ಅಂತ ನಗುತ್ತಿದ್ದ,
ನಗು ಅರ್ಧ ದಾರಿಯಲ್ಲಿ ಕೆಮ್ಮಾಗುತ್ತಿತ್ತು.

ಇನ್ನು ಹನ್ನೆರಡು ನಿಮಿಷ, ಎಂದಿತು ಪರದೆ.
ನೇರಳೆ ಜೋಳದ ಬಿಸಿ ಆಪಿ ತರಿಸಿ ಕುಡಿದೆವು.
ಇನ್ನು ಹನ್ನೆರಡು ನಿಮಿಷ.
ಎದುರಿನ ಕಟುಕನಂಗಡಿ ತೆರೆದು, ಅರ್ಧ ಮಾರಿ, ನೆಲ ತೊಳೆದರು.
ಮೊದಲ ಸಲ ಕಪ್ಪಾಯಿತು.
ಎರಡನೆಯ ಸಲ ಅಡ್ಡಗೆರೆಯ ವೃತ್ತ, ಪ್ರವೇಶವಿಲ್ಲ.
ಮೂರನೆಯ ಸಲ ನಾನು ಮುಖ ತಿರುಗಿಸಿ ಕೂತೆ,
ಅವರೇ ನನ್ನ ತೋಳು ತಟ್ಟಿದರು.

ಬಂದಿತ್ತು. ಹೊಸ ಬಣ್ಣ, ಹೊಸ ಗುಂಡಿಗಳು,
ಬ್ಯಾಂಕು ತೆರೆಯಿತು, ಸಾಲವೂ ಕಂಡಿತು.
ಕ್ಯಾಮೆರಾದಲ್ಲಿ ನಮ್ಮಿಬ್ಬರ ಉಸಿರಿನ ಹೊಗೆ.
ಶಬ್ದ ಮಾತ್ರ ಇಲ್ಲ.
ಹಳೆ ಸೌಂಡ್ ಚಿಪ್ಪಿನ ಭಾಷೆ ಬಲ್ಲವರನ್ನು
ಹೊಸ ಮನೆಯಲ್ಲಿ ಉಳಿಸಿಕೊಂಡಿಲ್ಲ.

ಹೇಗೆ ಹೇಳಲಿ? ಬ್ಯಾಂಡಿಗೆ ಸ್ವರ ಜೋಡಿಸುವವರು,
ಎಂಟು ಟ್ರಂಪೆಟ್ಟು, ಆರು ಟ್ಯೂಬಾ, ಎರಡು ದೊಡ್ಡ ಡ್ರಮ್ಮು.
ಕಾಸಿಮಿರಾ ತಮ್ಮ ಹಾಳೆ ತೆರೆದು
ಮೇಜಿನ ಮೇಲೆ ನಾಲ್ಕು ಬೆರಳು ಕುಟ್ಟುತ್ತ ಓದಿದರು,
ಒಂದು ಕಡೆ ತಡೆದು, ಟ್ಯೂಬಾದ ತಪ್ಪು ತಿದ್ದಿ,
"ಐವತ್ತು ವರ್ಷ ಹಿತ್ತಾಳೆಯ ಪಕ್ಕ ನಿಂತ ಕಿವಿ ಇದು.
ಇದೊಂದಾದರೂ ಬಾಯಿ ಮುಚ್ಚಿಕೊಂಡಿರಲಿ ಬಿಡು.
ಅದಕ್ಕೂ ಸೇರಿಸಿ ದುಡ್ಡು ಹಾಕಬೇಡ, ಅಷ್ಟೆ."

ಮುಚ್ಚಳಕ್ಕೆ ಟೇಪು ಅಂಟಿಸಿ ಬರೆದುಕೊಟ್ಟೆ:
ಹೊಸ ಆವೃತ್ತಿ ಬಂದಿದೆ ಎಂದರೆ ಒತ್ತಬೇಡಿ.
ನನ್ನನ್ನು ಕೇಳಿ.
ನಾನಿದ್ದರೆ.

ಕೊನೆಗೆ ಪರದೆ ಅವರನ್ನೂ ಕೇಳಿತು, ಹುಟ್ಟಿದ ವರ್ಷ.
ಪಟ್ಟಿ ಈ ವರ್ಷದಿಂದ ಶುರು.
ಬೆರಳಿನಿಂದ ಎಳೆಯುತ್ತ ಹೋದರು ಕೆಳಗೆ,
ಮೊಮ್ಮಕ್ಕಳ ವರ್ಷಗಳು, ಈ ಮಿಷಿನ್ನಿನದು,
ಮುಷ್ಕರದ್ದು, ಬೆಳ್ಳಿ ಬೆಲೆ ಬಿದ್ದದ್ದು, ನಾನು ಹುಟ್ಟಿದ್ದು,
ಗಣಿಯ ಪಂಜರದಂತೆ ಮಜಲು ಮಜಲಾಗಿ ಕೆಳಗೆ,
ಇನ್ನೂ ಕೆಳಗೆ,
ಸಾವಿರದ ಒಂಬೈನೂರ ಐವತ್ತೊಂದರಲ್ಲಿ ನಿಂತಿತು.

ಒಂದು ವರ್ಷವನ್ನೂ ಬಿಡದೆ ಒತ್ತಿದರು.
ಸಿಸ್ಟಮ್ಮು ಏನೂ ಅನ್ನಲಿಲ್ಲ.