ಎಂಟು ಕಾಲು, ಎರಡು ಮಂಚ

ಮಕ್ಕಳು ಮಲಗಿದ ಮೇಲೆ
ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆವು.
ನಾನೂರ ಹನ್ನೆರಡು ಲರಿ,
ಒಂದು ಅಂಗಿ ಗುಂಡಿ.
ನೋಟುಗಳಿಗೆ ಇನ್ನೂ ವಿನಿಗರ್ ವಾಸನೆ.

"ಐದು ದಿನ," ಅಂದ ಅನ್ಜೋರ್.
"ನಾಲ್ಕು," ಅಂದೆ.
ಯಾವ ಊರೆಂದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಬಟೂಮಿ, ಎಲಿಸೊಳ ಆಸೆ. ಆರು ವರ್ಷದವಳಿಗೆ
ದೀಪದ ದೊಡ್ಡ ಚಕ್ರ ತಿರುಗಿದರೆ ಸಾಕು.
ಮೇಲಿನ ಮನೆಯ ಮಾರೆಖಿ ಹೋಗಿ ಬಂದಿದ್ದಾಳೆ:
ಐಸ್‌ಕ್ರೀಮಿನ ಬೆಲೆ ಕೇಳಿಯೇ ನಾಲಿಗೆ ತಣ್ಣಗಾಯಿತಂತೆ.

ಬಖ್ಮಾರೊ ಬೆಟ್ಟದ ಗಾಳಿ ಕೆಮ್ಮಿಗೆ ಒಳ್ಳೆಯದು, ನಿಜ.
ಆದರೆ ಲುವಾರ್ಸಬ್ ಮೂರನೇ ತಿರುವಿಗೇ ಕಕ್ಕುತ್ತಾನೆ,
ಆ ದಾರಿಯಲ್ಲಿ ತಿರುವು ಬಿಟ್ಟರೆ ಬೇರೇನೂ ಇಲ್ಲ.

"ರಾಚಾಕ್ಕೆ ಹೋಗಿ, ನನ್ನ ತಂಗಿಯ ಮನೆ, ಪೂರಾ ಬಿಟ್ಟಿ,"
ಗೋಡೆಯಾಚೆಯಿಂದ ಅತ್ತೆ. ನಿದ್ದೆ ಬಂದಿದೆ ಅಂದುಕೊಂಡಿದ್ದೆವು.
ಬಿಟ್ಟಿಯ ಲೆಕ್ಕ ನನಗೆ ಗೊತ್ತು:
ಬೆಳಗ್ಗೆ ಬೀನ್ಸ್ ಬಳ್ಳಿಗೆ ಕೋಲು ಕಟ್ಟಬೇಕು,
ಮಧ್ಯಾಹ್ನ ಹಸುವಿನ ಹಿಂದೆ ಹೋಗಬೇಕು,
ರಾತ್ರಿ ಅವರ ಎಡಮಂಡಿಯ ಕತೆ,
ಅದು ಮುಗಿದರೆ ಬಲಮಂಡಿಯದು.

ಕೊಬುಲೇತಿ ಅಗ್ಗ. ಆದರೆ ದಡದ ತುಂಬ ಗುಂಡುಕಲ್ಲು,
ಒಂದೊಂದೂ ಎರಡು ವರ್ಷದವನ ಬಾಯಿಗೆ
ಅಳತೆ ತೆಗೆದು ಮಾಡಿಸಿದ ಹಾಗೆ.

"ಹಾಗಾದರೆ ಉರೇಕಿ," ಅಂದ. "ಮರಳು. ನೀರು ಬಹಳ ದೂರ ಮೊಣಕಾಲಷ್ಟೇ."
"ಕಪ್ಪು ಮರಳು," ಅಂದೆ ನಾನು.

ಒಂಬತ್ತು ವರ್ಷದಿಂದ ಈ ಮನುಷ್ಯನ ಅಂಗಿಯನ್ನು
ಹಿತ್ತಲ ಗೋಡೆಗೆ ಬಡಿಯುತ್ತಿದ್ದೇನೆ.
ಕುಲುಮೆಯ ಕಪ್ಪು, ಕಾಲರಿನ ಕಪ್ಪು, ಕಿವಿಯ ಸುರುಳಿಯ ಕಪ್ಪು,
ಭಾನುವಾರ ಸೀನಿದರೂ ಸೋಮವಾರದ ಕಪ್ಪು.
ಇರುವ ಕಪ್ಪು ಸಾಲದೆಂದು
ರೈಲು ಹತ್ತಿ, ದುಡ್ಡು ಕೊಟ್ಟು ಕಪ್ಪಿಗೇ ಹೋಗುವುದೇ?

ಅವನು ಮಾತಾಡಲಿಲ್ಲ. ಗುಂಡಿಯನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದ.
ಅದು ಬಿದ್ದ ಮೇಲೆ ಫೋನು ತೆಗೆದ.

ಮನೆಯೊಡತಿ ತ್ಸಿಯೂರಿ, ಗಂಟಲು ಗರಗಸದಂಥದ್ದು:
ದಿನಕ್ಕೆ ಐವತ್ತು. ಅಡುಗೆಮನೆ ಹಂಚಿಕೊಳ್ಳಬೇಕು.
ಪಾತ್ರೆ ತಂದರೆ ಒಳ್ಳೆಯದು, ಇಲಿ ಇಲ್ಲ, ಇರುವೆ ಇದೆ.
ಎಷ್ಟು ಜನ?
"ನಾಲ್ಕು. ಇಬ್ಬರು ಅರ್ಧರ್ಧ."
ಮಂಚ ಎರಡೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಅಂದವರು ಲುವಾರ್ಸಬ್‌ನ ಪಕ್ಕ ಮಲಗಿರಲಿಕ್ಕಿಲ್ಲ.
ಅಡ್ಡ ಬೀಳುತ್ತಾನೆ, ಗಡಿಯಾರದ ಮುಳ್ಳಿನಂತೆ ಸುತ್ತುತ್ತಾನೆ,
ಮೂರು ಗಂಟೆಗೆ ಅವನ ಹಿಮ್ಮಡಿ ನನ್ನ ಗಲ್ಲದಲ್ಲಿ,
ಐದಕ್ಕೆ ಅವನಪ್ಪನ ಮೂಗಿನಲ್ಲಿ.

ಹೋದೆವು.
ಕಾಳು ತುಂಬಿದ ಪಾತ್ರೆ ನನ್ನ ತೊಡೆಯ ಮೇಲೆ ಝೆಸ್ತಾಫೋನಿಯಿಂದ ಉರೇಕಿವರೆಗೂ.
ಎಲಿಸೊ ಫ್ರಿಜ್ಜಿನ ಮೇಲಿದ್ದ ಸ್ಟ್ರಾಬೆರಿ ಆಯಸ್ಕಾಂತವನ್ನು
ಯಾರಿಗೂ ಹೇಳದೆ ಜೇಬಿಗೆ ಹಾಕಿಕೊಂಡು ಬಂದಿದ್ದಳು.
ಮರಳಿಗೆ ಅದ್ದಿ ಎತ್ತಿದಳು. ಹಣ್ಣಿಗೆ ಗಡ್ಡ!

"ಕಬ್ಬಿಣ," ಅಂದ ಅನ್ಜೋರ್, ಮಂಡಿಯೂರಿ.
"ಇದು ನನ್ನ ಕೆಲಸದ ವಸ್ತು. ಕೇಳು."
ಕುಲುಮೆ ಹೇಗೆ ಉಸಿರಾಡುತ್ತದೆ, ಅದುರು ಹೇಗೆ ಮೆತ್ತಗಾಗಿ ಹರಿಯುತ್ತದೆ,
ಅಷ್ಟು ಹೊತ್ತು ಹೇಳಿದ.
ನನಗೆ ಒಂಬತ್ತು ವರ್ಷದಲ್ಲಿ ಹೇಳಿದ್ದು "ಸುಸ್ತು" ಒಂದೇ.

ಆಮೇಲೆ ಇಬ್ಬರೂ ಸೇರಿ ಅಪ್ಪನನ್ನು ಹೂತರು.
ಕುತ್ತಿಗೆವರೆಗೆ ಕಪ್ಪು, ಮೇಲೆ ನಗುವ ತಲೆ.
ಲುವಾರ್ಸಬ್ ಒಂದು ಹಿಡಿ ಬಾಯಿಗೂ ಹಾಕಿಕೊಂಡ.
ಬೆರಳು ಹಾಕಿ ತೆಗೆದೆ, ಮತ್ತೆ ಹಾಕಿಕೊಂಡ.

ನಾಲ್ಕನೇ ದಿನ ಸಂಜೆ ಅಂಗಿ ಒದರಲು ಎತ್ತಿದವಳು
ಹಾಗೇ ಮಡಚಿ ಚೀಲಕ್ಕೆ ಹಾಕಿದೆ.

ಈಗ ಸ್ಟ್ರಾಬೆರಿ ಮತ್ತೆ ಫ್ರಿಜ್ಜಿನ ಮೇಲೆ, ಗಡ್ಡದ ಸಮೇತ.
ಕೆಳಗೆ ಸಿಕ್ಕಿಸಿದ ಕರೆಂಟ್ ಬಿಲ್ಲು ಸರಿಯಾಗಿ ನಿಲ್ಲುವುದಿಲ್ಲ, ಜಾರುತ್ತದೆ.
ಒರೆಸೋಣವೆಂದರೆ
ಎಲಿಸೊ ಬಿಡುವುದಿಲ್ಲ.