ಮೂಲ, ಮೂಲೆ

ಯೆನಿಸೇಯ್ ಇಲ್ಲಿ ಹೆಪ್ಪುಗಟ್ಟುವುದಿಲ್ಲ.
ಮೇಲೆ ಅಣೆಕಟ್ಟು ಎದ್ದಂದಿನಿಂದ ಕ್ರಾಸ್ನೊಯಾರ್ಸ್ಕ್‌ನ ಹೊಳೆ
ಮೈನಸ್ ನಲವತ್ತರಲ್ಲೂ ಹಬೆಯಾಡುತ್ತದೆ,
ಎಸರಿಗಿಟ್ಟು ಮರೆತ ಪಾತ್ರೆಯಂತೆ.
ಆ ಹಬೆಯೊಳಗಿಂದ ಬರುತ್ತಿದ್ದರು ಅಗ್ನಿಯಾ ಲ್ವೊವ್ನಾ:
ಮೊದಲು ಕೆಮ್ಮು, ಆಮೇಲೆ ಟೋಪಿ, ಆಮೇಲೆ ಅವರು,
ಕೈಯಲ್ಲಿ ದಾರಕ್ಕೆ ಪೋಣಿಸಿದ ಬೂಬ್ಲಿಕ್, ಬಳೆಯಂಥ ರೊಟ್ಟಿ.

ಒಂದನ್ನು ಮೇಜಿಗಿಟ್ಟು, "ನಮ್ಮ ಲೋಕ ಇಷ್ಟೇ," ಎನ್ನುವರು,
"ತೂತಿದೆ. ತಿನ್ನಬೇಡಿ."
ಎಕ್ಸ್‌ಗೆ ಧನಘಾತ, ಪಕ್ಕದಲ್ಲೇ ಋಣಘಾತ;
ಇಲ್ಲಿ ಋಣಕ್ಕೂ ಮಣೆಯುಂಟು,
ಸೊನ್ನೆ ಮಾತ್ರ ಹೊಸ್ತಿಲು ದಾಟುವಂತಿಲ್ಲ.

ಪದಕ್ಕೊಂದು ಮೊಳೆ, ಚೌಕುಳಿ ಹಲಗೆಯ ಮೇಲೆ.
ರೊಟ್ಟಿ ಪೋಣಿಸಿದ್ದ ಅದೇ ದಾರ ಬಿಚ್ಚಿ
ಸುತ್ತ ಎಳೆದರೆ ಹೊರಗಿನವಕ್ಕಷ್ಟೇ ಬಿಗಿ;
ಒಳಗಿನ ಮೊಳೆಗಳು ಹಾಗೇ ನಿಂತಿರುವವು, ಮಾತಿಲ್ಲದೆ.
ಇನ್ನೊಂದು ಸಮೀಕರಣ, ಇನ್ನೊಂದು ದಾರ.
ಎರಡೂ ಕೂಡಿದ ಆಕಾರದಿಂದ ಒಂದೊಂದನ್ನೂ ಕಳೆದು
ಉಳಿದ ವಿಸ್ತೀರ್ಣವೆಷ್ಟೋ, ಮೂಲಗಳೂ ಅಷ್ಟು.
ಎಷ್ಟೆಂದು ಗೊತ್ತು. ಎಲ್ಲೆಂದು?
"ಚೆಚೆಕ್, ಮೂಲ ಸಿಗದಿದ್ದರೆ ಮೂಲೆಗೆ ಹೋಗು."

ಒಂದೊಂದು ಮೂಲಕ್ಕೂ ಒಂದು ಸುತ್ತು ಬಂದರೆ
ಅಂಗೈಗೆ ಅಂಟುವುದು ಒಂದಿಷ್ಟು ಶೇಷ.
ಬಿಡಿಬಿಡಿಯಾಗಿ ಎಣಿಸಿ ಮುಗಿಸಿದವರಿಲ್ಲ.
ಒಟ್ಟು ಮೊತ್ತ ಮಾತ್ರ ಮೂಲೆಗಳಲ್ಲೇ ಇದೆ,
ಪ್ರತಿ ಮೂಲೆಗೂ ಅದರದೇ ಚಿಹ್ನೆ ಹಚ್ಚಿದರೆ.
ನಂಬದವರಿಗೆ ದಾರದ ಒಂದೊಂದು ಅಂಚಿಗೂ
ಅನಂತದಲ್ಲೊಂದು ಪಟ್ಟಿ ಹೊಲಿದು ತೋರಿಸುವರು,
ಬಟ್ಟೆ ಎಳೆ ಬಿಡದ ಹಾಗೆ.

ಮಾರ್ಚಿನಲ್ಲಿ ಕೆಮ್ಮು ನಿಂತಿತು.
ಕೋಣೆ ಖಾಲಿ ಮಾಡಲು ನಾನೂ ಹೋದೆ, ಪಕ್ಕದ ಮನೆಯ ಫೈನಾಳ ಜೊತೆ.
ಒಂದು ಮೂಲೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ.
ಒಂದರಲ್ಲಿ ಗಂಡಸಿನ ಅಳತೆಯ ಸ್ಕೀ ಜೋಡಿ,
ಈ ಚಳಿಗಾಲದಲ್ಲೇ ಹಚ್ಚಿದ ಮೇಣ.
ಒಂದರಲ್ಲಿ ಮಗುವಿನ ಜಾರುಬಂಡಿ,
ಹಗ್ಗದ ಗಂಟು ಯಾರೂ ಬಿಚ್ಚಿಲ್ಲ.
ಹತ್ತು ವರ್ಷ ಪಾಠ ಕೇಳಿದವಳು ನಾನು;
ಗಂಡ, ಮಗು, ಒಬ್ಬರ ಹೆಸರೂ ಗೊತ್ತಿಲ್ಲ.
"ಕೇಳಬೇಕಿತ್ತು," ಅಂದಳು ಫೈನಾ, ಪರದೆ ಮಡಚುತ್ತ.

ನಾಲ್ಕನೆಯ ಮೂಲೆಯಲ್ಲಿ ಮೊಳೆಹಲಗೆ, ದಾರ ಸಡಿಲ.
ಕೆಳಗೆ ಸೀಮೆಸುಣ್ಣದ ಒಂದು ಸಾಲು.
ಕೊನೆಯ ಪದದ ಹಿಂದಿನ ಚಿಹ್ನೆ ತೋಳು ತಾಗಿ ಅಳಿಸಿದೆ,
ಧನವೋ ಋಣವೋ ತಿಳಿಯದು.

ಋಣ ಎಂದು ಬರೆದುಕೊಂಡೆ.
ತಾಳೆ ನೋಡಿಲ್ಲ ಇನ್ನೂ.